ಹಿಂದಿನ ಚಕ್ರದ ಗೆರೆ

"ಟೇಪಕ್ಕಾ, ಇದು ಮೂರನೇ ಸಲ. ನೆಲ ಏನು ರಾತ್ರೋರಾತ್ರಿ ಬೆಳೆದುಬಿಡುತ್ತಾ?"

ಕಿತ್ತಳೆ ಮಾಮ ಅಳತೆ ಟೇಪಿನ ತುದಿಯನ್ನು ಗೋಡೆಗೆ ಒತ್ತಿ ಹಿಡಿದು ಕುಕ್ಕರಗಾಲಲ್ಲಿ ಕೂತಿದ್ದ. ಶೆಡ್ಡಿನ ಈಚೆ ತುದಿಯಲ್ಲಿ ಟೇಪಕ್ಕ ಮಂಡಿಯೂರಿ ಅಂಕಿಯನ್ನು ಓದಿದಳು. ಒಂಬತ್ತು ಮೀಟರ್ ಇಪ್ಪತ್ತು ಸೆಂಟಿಮೀಟರ್. ಮೊದಲ ಎರಡು ಸಲವೂ ಅಷ್ಟೇ ಬಂದಿತ್ತು.

"ಬೆಳೆಯಲ್ಲ ಮಾಮ. ನಾನೇ ತಪ್ಪು ಓದಿರಬಹುದಲ್ಲ?"

"ಎರಡು ಸಲ ತಪ್ಪಾದರೆ ಮೂರನೇದೂ ತಪ್ಪೇ ಇರುತ್ತೆ ಬಿಡಿ."

ಮಂಗಳವಾರ ಬೆಳಿಗ್ಗೆ ಇದೇ ಒಂಬತ್ತು ಮೀಟರನ್ನು ಒಂದು ಪುಟ್ಟ ಬೂದು ಕಾರು ಎರಡೇ ಉಸಿರಿನಲ್ಲಿ ದಾಟಿ ಗೋಡೆಗೆ ಅಪ್ಪಳಿಸಿತ್ತು. ಲೇತ್ ತಾತ ಸತ್ತಿದ್ದರು. ಕಾರು ನಡೆಸುತ್ತಿದ್ದ ಡ್ರೈವರ್ ದವಡೆ ಮತ್ತು ಪಕ್ಕೆಲುಬು ಮುರಿದುಕೊಂಡು ಆಸ್ಪತ್ರೆಯಲ್ಲಿದ್ದ.

ಟೇಪಕ್ಕ ವಾಹನ ಅಪಘಾತಗಳ ತನಿಖಾಧಿಕಾರಿ. ಹೋದಲ್ಲೆಲ್ಲ ಟೇಪು ಬಿಚ್ಚುವವಳೆಂದು ಈ ಹೆಸರು ಬಿದ್ದಿತ್ತು. ಅವಳ ವರದಿ ಇವತ್ತು ನಾಲ್ಕು ಗಂಟೆಯೊಳಗೆ ಅವಳ ಕಚೇರಿಯ ಸಾಹೇಬರ ಮೇಜಿನ ಮೇಲಿರಬೇಕು. ವರದಿಯ ಕೊನೆಯ ಸಾಲನ್ನು ಸಾಹೇಬರೇ ಟೈಪ್ ಮಾಡಿಸಿಟ್ಟಿದ್ದರು: 'ಚಾಲಕನು ಬ್ರೇಕ್ ಎಂದು ಭಾವಿಸಿ ಆಕ್ಸಿಲರೇಟರ್ ತುಳಿದಿದ್ದಾನೆ.' ಅವಳ ಸಹಿ ಬಿದ್ದ ಮರುಗಳಿಗೆ ಪೊಲೀಸರು ಡ್ರೈವರ್ ಮೇಲೆ ಸಾವಿನ ಕೇಸು ಹಾಕುತ್ತಾರೆ. ಹಾಸಿಗೆಯಿಂದ ಎದ್ದವನು ನೇರ ಜೈಲಿಗೆ.

ಈಗ ಎರಡೂ ಕಾಲು.

ಅವಳು ನೆಲವನ್ನೇ ನೋಡುತ್ತ ಕೂತಳು. ಸಿಮೆಂಟಿನ ಮೇಲೆ, ಕಾರು ಹೊರಟ ಜಾಗದಲ್ಲಿ, ಎರಡು ಕಪ್ಪು ಗೆರೆ. ಚಕ್ರ ನೆಲವನ್ನು ಕೆರೆದು ಬಿಟ್ಟ ಗುರುತು. ಕಾರು ನಿಲ್ಲಿಸುವ ಜಾಗವನ್ನು ಹಳದಿ ಬಣ್ಣದಲ್ಲಿ ಚೌಕ ಹೊಡೆದಿದ್ದರು. ಗೆರೆಗಳು ಶುರುವಾಗಿದ್ದು ಆ ಚೌಕದ ಹಿಂಭಾಗದಲ್ಲಿ.

"ಮಾಮ, ಈ ಕಾರಿನ ಎಂಜಿನ್ ಯಾವ ಚಕ್ರ ತಿರುಗಿಸುತ್ತೆ?"

"ಮುಂದಿನದು."

"ಹಾಗಾದರೆ ಈ ಗೆರೆ ಹಿಂದಿನ ಚಕ್ರದ ಜಾಗದಿಂದ ಯಾಕೆ ಶುರುವಾಗಿದೆ?"

ಮಾಮ ಟೇಪಿನ ತುದಿ ಬಿಟ್ಟ. ಟೇಪು ಸರ್ರನೆ ಸುತ್ತಿಕೊಂಡು ಬಂದು ಅವಳ ಹೆಬ್ಬೆರಳಿಗೆ ಬಡಿಯಿತು.

* * *

ಅದು ಒಂದೇ ಮನೆಯವರ ವರ್ಕ್‌ಶಾಪು. ಯಜಮಾನರದು ಮಹಡಿಯ ಕಚೇರಿ. ಸತ್ತ ಲೇತ್ ತಾತ ಅವರ ಚಿಕ್ಕಪ್ಪ. ನಲವತ್ತು ವರ್ಷ ಅದೇ ಲೇತ್ ಯಂತ್ರದ ಮುಂದೆ ನಿಂತವರು. ಕಿತ್ತಳೆ ಮಾಮ ಯಜಮಾನರ ಭಾವಮೈದ. ಹೈವೋಲ್ಟೇಜ್ ತಂತಿಗಳಿಗೆಲ್ಲ ಕಿತ್ತಳೆ ಬಣ್ಣದ ಹೊದಿಕೆ. ಅವನ್ನು ಮುಟ್ಟುವ ಅಧಿಕಾರ ಅವನೊಬ್ಬನಿಗೇ. ಗಾಜಿನ ಕೋಣೆಯಲ್ಲಿ ಲ್ಯಾಪ್‌ಟಾಪ್ ಹಿಡಿದು ಕೂರುವವನು ಯಜಮಾನರ ಅಳಿಯ. ಹೊರಗಿನವನೆಂದರೆ ಡ್ರೈವರ್ ಒಬ್ಬನೇ. ತಪ್ಪು ಹೊರಗಿನವನ ತಲೆಗೆ ಹೋದರೆ ಮನೆಯೊಳಗೆ ಯಾರೂ ಯಾರ ಮುಖವನ್ನೂ ನೋಡಲು ಅಂಜಬೇಕಿಲ್ಲ.

ಇವರು ಮಾಡುತ್ತಿದ್ದ ಕೆಲಸ ಸರಳ. ಚಿಕ್ಕ ಕಾರಿನ ಚಿಕ್ಕ ಎಂಜಿನ್ ಹೊರಡುವಾಗ ಏದುಸಿರು ಬಿಡುತ್ತದೆ. ಜೋರು ಹಿಡಿಯಲು ಅದಕ್ಕೆ ಒಂದೆರಡು ಕ್ಷಣ ಬೇಕು. ಹಿಂದಿನ ಚಕ್ರಗಳ ಅಚ್ಚಿಗೆ ಒಂದು ವಿದ್ಯುತ್ ಮೋಟಾರ್ ಕೂರಿಸಿದರೆ ಆ ಕೊರತೆ ತುಂಬುತ್ತದೆ. ಕಾಲಿಟ್ಟ ತಕ್ಷಣ ಯಾರೋ ನಾಲ್ಕು ಜನ ಹಿಂದಿನಿಂದ ತಳ್ಳಿದ ಹಾಗೆ ಕಾರು ಮುಂದಕ್ಕೆ ಹೋಗುತ್ತದೆ. ಎಂಜಿನ್ ಉಸಿರು ಹಿಡಿದ ಮೇಲೆ ಮೋಟಾರ್ ಹಿಂದೆ ಸರಿಯುತ್ತದೆ. ಇಂಥ ಎರಡು ಕಾರುಗಳನ್ನು ಇವರು ಸಿದ್ಧ ಮಾಡಿದ್ದರು. ಎರಡೂ ಬೂದು ಬಣ್ಣ, ಎರಡೂ ಒಂದೇ ಅಚ್ಚು. ಕನ್ನಡಿಗೆ ತೂಗುಹಾಕಿದ 'ಒಂದು', 'ಎರಡು' ಎಂಬ ರಟ್ಟಿನ ಚೀಟಿ ಬಿಟ್ಟರೆ ಬೇರೆ ಗುರುತಿಲ್ಲ.

ಗೋಡೆಗೆ ಹೊಡೆದದ್ದು ಒಂದನೇ ಕಾರು. ಅದು ಈಗ ಪೊಲೀಸರ ಅಂಗಳದಲ್ಲಿದೆ.

"ಮೋಟಾರ್ ತಳ್ಳಿದೆ ಮಾಮ," ಎಂದಳು ಟೇಪಕ್ಕ. "ಎಂಜಿನ್ ಅಲ್ಲ. ಗೋಡೆ ಹತ್ತಿರ ಇನ್ನೊಂದು ಗೆರೆ ನೋಡಿ, ಇದು ಮುಂದಿನ ಚಕ್ರದ್ದು. ಬ್ರೇಕ್ ಹಾಕಿದ್ದು. ಒಂದೂವರೆ ಮೀಟರ್ ಇದೆ. ಬ್ರೇಕ್ ಯಾವುದು ಅಂತ ಆ ಮನುಷ್ಯನ ಕಾಲಿಗೆ ಚೆನ್ನಾಗಿ ಗೊತ್ತಿತ್ತು."

"ಆಗಲ್ಲ ಟೇಪಕ್ಕ. ಸಾಧ್ಯವೇ ಇಲ್ಲ." ಮಾಮ ತನ್ನ ನೀಲಿ ಕೆಲಸದ ಕೋಟಿನ ಜೇಬು ತಟ್ಟಿದ. "ಮೋಟಾರಿಗೆ ಜೀವ ಕೊಡೋದು ಕಿತ್ತಳೆ ಪ್ಲಗ್. ಅದು ಬೆಳಿಗ್ಗೆ ಒಂಬತ್ತರಿಂದ ನನ್ನ ಈ ಜೇಬಲ್ಲೇ ಇತ್ತು. ಪೊಲೀಸರ ಮುಂದೆ ನಾನೇ ತೆಗೆದು ತೋರಿಸಿದೆ. ಕಾರಿನೊಳಗಿನ ತೂತು ಖಾಲಿ ಇದ್ದದ್ದನ್ನ ಅವರೂ ಕಣ್ಣಾರೆ ನೋಡಿದರು."

ಅದು ಆ ಕಸುಬಿನ ಕಟ್ಟುನಿಟ್ಟು. ಕಾರಿನ ಮೇಲೆ ಕೆಲಸವಿದ್ದಾಗ ಮುಂದಿನ ಎರಡು ಸೀಟುಗಳ ನಡುವಿನ ಪೆಟ್ಟಿಗೆ ತೆರೆದು ಪ್ಲಗ್ ಕೀಳಬೇಕು. ಕಿತ್ತವನು ಅದನ್ನು ಮೇಜಿನ ಮೇಲಿಡುವಂತಿಲ್ಲ, ಇನ್ನೊಬ್ಬನ ಕೈಗೆ ಕೊಡುವಂತಿಲ್ಲ. ತನ್ನ ಜೇಬಿನಲ್ಲೇ ಇಟ್ಟುಕೊಳ್ಳಬೇಕು, ಕೆಲಸ ಮುಗಿಯುವವರೆಗೂ. ಪ್ಲಗ್ ಜೇಬಿನಲ್ಲಿದ್ದರೆ ಮೋಟಾರ್ ಸತ್ತ ಹಾಗೆ.

ಮಂಗಳವಾರದ ಕೆಲಸ ಬರೀ ಎಂಜಿನ್ನಿನದು. ಗೇರು ನ್ಯೂಟ್ರಲ್‌ನಲ್ಲಿಟ್ಟು, ಆಕ್ಸಿಲರೇಟರ್ ತುಳಿದು, ಎಂಜಿನ್ ಜೋರಾಗಿ ಓಡಿಸಿ ಸದ್ದು ಕೇಳುವುದು. ಹ್ಯಾಂಡ್‌ಬ್ರೇಕಿನ ತಂತಿಯನ್ನು ಮೋಟಾರ್ ಕೂರಿಸುವಾಗಲೇ ಬಿಚ್ಚಿದ್ದರಿಂದ ಮುಂದಿನ ಚಕ್ರಕ್ಕೆ ಒಂದು ಮರದ ತುಂಡು ಅಡ್ಡ. ಆ ತುಂಡು ಈಗ ಎರಡು ಹೋಳಾಗಿ ಮೂಲೆಯಲ್ಲಿ ಬಿದ್ದಿತ್ತು.

"ಮಾಮ, ನ್ಯೂಟ್ರಲ್‌ನಲ್ಲಿ ಆಕ್ಸಿಲರೇಟರ್ ತುಳಿದರೆ ಈ ಮೋಟಾರ್ ಏನು ಮಾಡುತ್ತೆ? ಪ್ಲಗ್ ಇದೆ ಅಂತಲೇ ಇಟ್ಟುಕೊಳ್ಳಿ."

ಮಾಮ ಗಾಜಿನ ಕೋಣೆಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದ. "ತಳ್ಳುತ್ತೆ. ಅದಕ್ಕೆ ಗೇರು ಗೊತ್ತಿಲ್ಲ. ಕಾಲು ಎಷ್ಟು ಒತ್ತಿದೆ ಅನ್ನೋದಷ್ಟೇ ಗೊತ್ತು. ಗೇರಿನಿಂದ ಮೋಟಾರಿಗೆ ಒಂದು ತಂತಿ ಎಳೀರಪ್ಪಾ ಅಂತ ತಾತ ತಿಂಗಳಿಂದ ಬಡ್ಕೊಂಡರು. ಅಳಿಯಂದಿರಿಗೆ ಪುರುಸೊತ್ತಿರಲಿಲ್ಲ."

ಅವಳ ಫೋನ್ ಸದ್ದು ಮಾಡಿತು. ಸಾಹೇಬರು.

"ಎಲ್ಲಿಗೆ ಬಂತಮ್ಮಾ?"

"ಸಾರ್, ಒಂದು ಸಣ್ಣ ಅನುಮಾನ. ಚಕ್ರದ ಗೆರೆ…"

"ನಿನ್ನ ಅನುಮಾನಕ್ಕೆ ಕೊನೆ ಉಂಟಾ? ಹೋದ ವರ್ಷ ಬಸ್ಸಿನ ಕೇಸಲ್ಲಿ ಮೂರು ವಾರ ಅಳೆದು ಕೊನೆಗೆ ಏನು ಸಿಕ್ತು?"

ಏನೂ ಸಿಕ್ಕಿರಲಿಲ್ಲ.

"ಡ್ರೈವರ್‌ನ ಒಂದು ಮಾತು ಕೇಳಿದರೆ ಒಳ್ಳೇದಿತ್ತು ಸಾರ್."

"ದವಡೆಗೆ ತಂತಿ ಕಟ್ಟಿದ್ದಾರೆ, ಮಾತೆಲ್ಲಿಂದ ಬರುತ್ತೆ? ಡಾಕ್ಟರು ಯಾರನ್ನೂ ಒಳಗೆ ಬಿಡ್ತಿಲ್ಲ. ನಾನೇ ಫೋನ್ ಮಾಡಿ ವಿಚಾರಿಸಿದೀನಿ. ಸುಮ್ಮನೆ ಅಲ್ಲಿಗೆ ಹೋಗಿ ಹೊತ್ತು ಕಳೀಬೇಡ. ನಾಲ್ಕು ಗಂಟೆ, ನೆನಪಿರಲಿ."

* * *

ಸಂಜೆ ಕಾಲೇಜಿನಲ್ಲಿ ಓದುವಾಗ ಅವಳ ಮೇಷ್ಟ್ರೊಬ್ಬರು ಲೆಕ್ಕ ತಪ್ಪಿದರೆ ಹೊಡೆಯುತ್ತಿರಲಿಲ್ಲ, ಬೈಯುತ್ತಲೂ ಇರಲಿಲ್ಲ. 'ಇನ್ನೊಂದು ಸಲ ನೋಡು' ಎನ್ನುತ್ತಿದ್ದರು, ಅಷ್ಟೇ. ಆ ಮಾತು ಅವಳಿಗೆ ಅಂಟಿಕೊಂಡು ಬಿಟ್ಟಿತ್ತು. ಒಮ್ಮೊಮ್ಮೆ ಅದು ಬುದ್ಧಿಯೋ ರೋಗವೋ ಅವಳಿಗೇ ತಿಳಿಯುತ್ತಿರಲಿಲ್ಲ.

ಅವಳು ಚೀಲದಿಂದ ಪ್ಲಾಸ್ಟಿಕ್ ಕವರು ತೆಗೆದಳು. ಒಳಗೆ ಮುಷ್ಟಿಗಾತ್ರದ ಕಿತ್ತಳೆ ಪ್ಲಗ್. ಮಂಗಳವಾರ ಮಾಮನ ಜೇಬಿನಿಂದ ಪೊಲೀಸರು ತೆಗೆದುಕೊಂಡದ್ದು. ಪರೀಕ್ಷೆಗೆಂದು ಅವಳ ಕೈಗೆ ಬಂದಿತ್ತು.

"ಇದರ ಹಿಡಿಯ ಕೆಳಗೆ ಏನೋ ಗೀರಿದೆಯಲ್ಲ ಮಾಮ, ಏನದು?"

"ತಾತ ಅರದಲ್ಲಿ ಉಜ್ಜಿದ್ದು. ಎರಡು ಕಾರಿನ ಪ್ಲಗ್ಗೂ ಒಂದೇ ಥರ ನೋಡಿ, ಅದಲು ಬದಲಾಗಬಾರದು ಅಂತ. ಒಂದನೇ ಕಾರಿಗೆ ಒಂದು ಗೀರು, ಎರಡನೇದಕ್ಕೆ ಎರಡು."

"ಇದರಲ್ಲಿ ಎಷ್ಟಿದೆ ಎಣಿಸಿ."

"ಒಂದಿರುತ್ತೆ."

"ಎಣಿಸಿ ಮಾಮ."

ಮಾಮ ಕವರಿನ ಮೇಲಿನಿಂದಲೇ ಹೆಬ್ಬೆರಳು ಆಡಿಸಿದ. ನಿಲ್ಲಿಸಿದ. ಮತ್ತೆ ಆಡಿಸಿದ. ಬೆಳಕಿಗೆ ಹಿಡಿದ. ಅವನ ಮುಖದ ನಗೆ ಒಂದು ಕಡೆಯಿಂದ ಅಳಿಸಿಕೊಂಡು ಹೋಯಿತು.

"ಎರಡಿದೆ."

"ಮಂಗಳವಾರ ನೀವು ಯಾವ ಕಾರಿನ ಪ್ಲಗ್ ಕಿತ್ತಿರಿ?"

"ಒಂದನೇದು! ಒಳಗಿನ ಜಾಗದಲ್ಲಿ ನಿಂತಿರೋದು ಯಾವಾಗಲೂ ಒಂದನೇದು. ಬಾಗಿಲ ಕಡೆಯದು ಎರಡನೇದು."

"ಚೀಟಿ ನೋಡಿದಿರಾ?"

ಮಾಮ ಕವರು ತಿರುಗಿಸಿ ಮತ್ತೆ ಗೀರು ಎಣಿಸತೊಡಗಿದ.

"ಮಾಮ, ಬೈಯೋಕೆ ಕೇಳ್ತಿಲ್ಲ. ಕನ್ನಡಿ ಮೇಲಿನ ಚೀಟಿ ನೋಡಿದಿರಾ?"

"ನಮ್ಮ ಮನೆ ಬಾಗಿಲಿಗೆ ನಂಬರ್ ನೋಡ್ಕೊಂಡು ಹೋಗ್ತೀವಾ?" ಎಂದು ಮಾಮ ರೇಗಿದ. ಮರುಕ್ಷಣವೇ ಅವನ ದನಿ ಕುಸಿಯಿತು. "ಇಲ್ಲ. ನೋಡಲಿಲ್ಲ."

ಗಾಜಿನ ಕೋಣೆಯ ಬಾಗಿಲು ತೆರೆಯಿತು. ಅಳಿಯ ಹೊರಬಂದ, ಕಿವಿಯ ಮೇಲೆ ಪೆನ್ಸಿಲು, ಕಣ್ಣಲ್ಲಿ ನಿದ್ದೆಗೇಡು.

"ಏನು ನಡೀತಿದೆ ಮಾಮ? ಅವರಿಗೆ ಕೆಲಸ ಮುಗೀಲಿಲ್ವಾ?"

"ಸೋಮವಾರ ಸಂಜೆ ಕಾರುಗಳನ್ನ ಒಳಗೆ ತಂದು ನಿಲ್ಲಿಸಿದ್ದು ಯಾರು?" ಎಂದಳು ಟೇಪಕ್ಕ.

"ನಾನೇ. ಹೊಸ ಪ್ರೋಗ್ರಾಂ ಹಾಕಿ ಎರಡನ್ನೂ ಓಡಿಸಿ ನೋಡಿದೆ. ಯಾಕೆ?"

"ಯಾವುದನ್ನ ಎಲ್ಲಿ ನಿಲ್ಲಿಸಿದಿರಿ?"

"ಮೊದಲು ಬಂದದ್ದು ಒಳಗೆ, ಆಮೇಲೆ ಬಂದದ್ದು ಬಾಗಿಲ ಹತ್ತಿರ." ಅವನು ಭುಜ ಕುಣಿಸಿದ. "ಚೀಟಿ ಇದೆಯಲ್ಲ, ಎಲ್ಲಿ ನಿಲ್ಲಿಸಿದರೇನು?"

ಮಾಮ ಎರಡೂ ಕೈಯಿಂದ ತಲೆ ಹಿಡಿದುಕೊಂಡ. ಟೇಪಕ್ಕನಿಗೆ ಎಲ್ಲವೂ ಒಂದೊಂದಾಗಿ ಕೂಡಿಬಂತು. ಮಾಮ ಜಾಗ ನೋಡಿ ಎರಡನೇ ಕಾರಿನ ಪ್ಲಗ್ ಕಿತ್ತ. ಡ್ರೈವರ್ ಚೀಟಿ ನೋಡಿ ಒಂದನೇ ಕಾರು ಹತ್ತಿದ. 'ಪ್ಲಗ್ ತೆಗೆದಾಯ್ತಾ ಮಾಮ?' ಎಂದು ಕೇಳಿರುತ್ತಾನೆ, ಮಾಮ ಜೇಬು ತಟ್ಟಿ ತೋರಿಸಿರುತ್ತಾನೆ. ಇಬ್ಬರೂ ಸುಳ್ಳಾಡಲಿಲ್ಲ. ಆಕ್ಸಿಲರೇಟರ್ ಮುಟ್ಟದೆ ಕ್ಲಚ್ಚಿನ ಮೇಲೇ ಕಾರನ್ನು ಮೆಲ್ಲಗೆ ಹಳದಿ ಚೌಕಕ್ಕೆ ತಂದು, ನ್ಯೂಟ್ರಲ್‌ಗೆ ಹಾಕಿ, ಎಂದಿನಂತೆ ಆಕ್ಸಿಲರೇಟರ್ ತುಳಿದಾಗ ಜೀವಂತವಾಗಿದ್ದ ಮೋಟಾರ್ ಕಾರನ್ನು ಎತ್ತಿ ಎಸೆದಿದೆ.

ಒಂದು ಮಾತ್ರ ಕೂಡಿಬರಲಿಲ್ಲ.

"ಎರಡನೇ ಕಾರಿನ ಪೆಟ್ಟಿಗೆ ತೆರೀರಿ ಮಾಮ. ಅದರ ಪ್ಲಗ್ ನನ್ನ ಕವರಿನಲ್ಲಿದೆ. ಅಲ್ಲಿ ಖಾಲಿ ಇರಬೇಕು."

ಮಾಮ ದಪ್ಪ ರಬ್ಬರಿನ ಕೈಗವಸು ತೊಟ್ಟು ಎರಡನೇ ಕಾರಿನೊಳಗೆ ಬಾಗಿದ. ಖಟ್ ಎಂದು ಹಿಡಿ ತಿರುಗಿದ ಸದ್ದು. ಅವನು ಹೊರಗೆ ಬಂದಾಗ ಕೈಯಲ್ಲಿ ಇನ್ನೊಂದು ಕಿತ್ತಳೆ ಪ್ಲಗ್ ಇತ್ತು. ಹಿಡಿಯ ಕೆಳಗೆ ಒಂದೇ ಗೀರು.

"ಇದು ಹೇಗೆ ಇಲ್ಲಿಗೆ ಬಂತು?" ಮಾಮ ಪ್ಲಗ್ಗನ್ನು ತಿರುಗಿಸಿ ತಿರುಗಿಸಿ ನೋಡಿದ. "ನಾನು ಇಟ್ಟಿಲ್ಲ ಟೇಪಕ್ಕ. ನನ್ನ ಮಗಳ ಮೇಲಾಣೆ. ನಾನು ಹಿತ್ತಲಲ್ಲಿ ಕೈ ತೊಳೀತಿದ್ದೆ. ಯಜಮಾನರು ಕೂಗಿದ ಮೇಲೇ ಓಡಿ ಬಂದದ್ದು."

"ನಾನು ಗೇಟಿನ ಹೊರಗೆ ಫೋನಲ್ಲಿದ್ದೆ," ಎಂದ ಅಳಿಯ, ಯಾರೂ ಕೇಳದೆಯೇ.

ಗುದ್ದಿದ ಕಾರಿನಿಂದ ಯಾರೋ ಪ್ಲಗ್ ತೆಗೆದಿದ್ದಾರೆ. ಪೊಲೀಸರು ಬರುವ ಮುಂಚೆ ಅದನ್ನು ಪಕ್ಕದ ಕಾರಿನ ಖಾಲಿ ತೂತಿಗೆ ಸಿಕ್ಕಿಸಿ, ಡ್ರೈವರ್‌ನ ಕೊರಳಿಗೆ ಹಗ್ಗ ಬಿಗಿದಿದ್ದಾರೆ.

ಟೇಪಕ್ಕ ಪ್ಲಗ್ಗಿನ ಪಕ್ಕ ಟೇಪು ಹಿಡಿದು ಫೋಟೊ ತೆಗೆದಳು. ಆಮೇಲೆ ಕೈ ಚಾಚಿದಳು.

ಮಾಮ ಕೊಡಲಿಲ್ಲ. "ಕಿತ್ತವನ ಜೇಬಲ್ಲೇ ಇರಬೇಕು ಟೇಪಕ್ಕ. ಒಂದು ಸಲ ತಪ್ಪಿ ಈ ಗತಿಯಾಯ್ತು. ಇನ್ನೊಂದು ಸಲ ತಪ್ಪಲ್ಲ. ನೀವು ಬರೋವರೆಗೂ ಈ ಕಾರು ಬಿಟ್ಟು ಕದಲಲ್ಲ."

ಅವಳು ಒಂದು ಕ್ಷಣ ಯೋಚಿಸಿದಳು. ಇದು ಸಾಕ್ಷಿ, ತನ್ನ ಬಳಿಯೇ ಇರಬೇಕು. ಆದರೆ ಕಟ್ಟುನಿಟ್ಟು ಅಂದರೆ ಕಟ್ಟುನಿಟ್ಟೇ. ಅದನ್ನು ಮುರಿದದ್ದಕ್ಕೇ ಅಲ್ಲವೇ ಇಷ್ಟೆಲ್ಲ ಆದದ್ದು? ಅಳಿಯ ಆಗಲೇ ಗಾಜಿನ ಕೋಣೆಗೆ ವಾಪಸಾಗಿದ್ದ.

"ಯಾರಿಗೂ ತೋರಿಸಬೇಡಿ," ಎಂದಷ್ಟೇ ಹೇಳಿ ಹೊರಟಳು.

ಒಂದನೇ ಕಾರಿನ ಪ್ಲಗ್ ತೆಗೆದದ್ದು ಯಾರೆಂದು ನೋಡಿರಬಹುದಾದವನು ಡ್ರೈವರ್ ಒಬ್ಬನೇ. ಅವನು ಪ್ಲಗ್ಗಿನಿಂದ ಒಂದು ಮೊಳ ದೂರ ಕೂತಿದ್ದ. ಡಾಕ್ಟರು ಬಿಡದಿದ್ದರೆ ಬಾಗಿಲ ಬಳಿಯಿಂದಲೇ ನೋಡಿ ಬಂದರಾಯಿತು.

* * *

ಡಾಕ್ಟರು ತಡೆಯಲಿಲ್ಲ. ತಡೆಯುವವರು ಯಾರೂ ಅಲ್ಲಿರಲೇ ಇಲ್ಲ. ವಾರ್ಡಿನ ಕೊನೆಯ ಹಾಸಿಗೆಯ ಪಕ್ಕ ಡ್ರೈವರ್‌ನ ತಂಗಿ ಸ್ಟೂಲಿನ ಮೇಲೆ ಕೂತು ಅಣ್ಣನಿಗೆ ಕೊಳವೆಯಲ್ಲಿ ನೀರು ಕುಡಿಸುತ್ತಿದ್ದಳು.

"ಕೇಸು ಹಾಕ್ತಾರಂತೆ, ಹೌದಾ ಮೇಡಂ?" ಎಂದಳು, ಟೇಪಕ್ಕನ ಕೊರಳಿನ ಕಾರ್ಡು ನೋಡಿ, ನಮಸ್ಕಾರಕ್ಕೂ ಮೊದಲು.

"ನಾಲ್ಕು ಗಂಟೆವರೆಗೆ ಇಲ್ಲ."

ಟೇಪಕ್ಕ ಹಾಸಿಗೆಯ ಕಡೆ ಬಾಗಿದಳು. ಮುಖ ಊದಿತ್ತು, ಕಣ್ಣು ಮಾತ್ರ ಎಚ್ಚರವಾಗಿತ್ತು. ಎಡಗೈಯ ಎರಡು ಬೆರಳಿಗೆ ಬಟ್ಟೆ ಸುತ್ತಿತ್ತು.

"ಬೆರಳಿಗೆ ಏನಾಯ್ತು?"

"ಸುಟ್ಟಿದೆ. ಡಿಕ್ಕಿ ಆದಾಗ ಸ್ಟೀರಿಂಗಿನ ಏರ್‌ಬ್ಯಾಗ್ ಒಡೆದಿದ್ದಕ್ಕೆ ಇರಬೇಕು ಅಂದರು ಡಾಕ್ಟರು," ಎಂದಳು ತಂಗಿ.

ಡ್ರೈವರ್ ಇಲ್ಲ ಎಂಬಂತೆ ಬೆರಳಾಡಿಸಿದ. ತಂಗಿ ದಿಂಬಿನ ಕೆಳಗಿನಿಂದ ಸ್ಲೇಟು ತೆಗೆದು ಎದೆಯ ಮೇಲಿಟ್ಟಳು. ಅವನು ಬಲಗೈಯಲ್ಲಿ ಬಳಪ ಹಿಡಿದು ನಿಧಾನವಾಗಿ ಬರೆದ.

'ಮೋಟಾರ್ ತಳ್ಳಿತು. ಗುದ್ದಿದ ಮೇಲೆ ಪ್ಲಗ್ ಕಿತ್ತೆ. ನಾನೇ.'

ಅಪಘಾತವಾದರೆ ಮೊದಲು ಪ್ಲಗ್ ಕೀಳಬೇಕು, ಇಲ್ಲದಿದ್ದರೆ ಕಾಪಾಡಲು ಬಂದವರಿಗೆ ಶಾಕ್ ಹೊಡೆಯುತ್ತದೆ. ದವಡೆ ಮುರಿದವನು, ಕೈಗವಸಿಲ್ಲದ ಬೆರಳಲ್ಲಿ, ತನ್ನ ಕೆಲಸ ಮಾಡಿದ್ದ. ತಾನು ಉಳಿಯಲು ಇದ್ದ ಒಂದೇ ಸಾಕ್ಷಿಯನ್ನು ತಾನೇ ಕಿತ್ತುಹಾಕಿದ್ದ.

"ಕಿತ್ತ ಪ್ಲಗ್ ಏನಾಯ್ತು?"

ತಂಗಿ ಸ್ಲೇಟು ಒರೆಸಿ ಕೊಟ್ಟಳು. ಬಳಪ ಕಿರುಗುಟ್ಟಿತು.

'ಕಿಟಕಿಯಿಂದ ತಾತನ ಕೈಗೆ ಕೊಟ್ಟೆ.'

ಟೇಪಕ್ಕ ಅದನ್ನು ಓದಿದಳು. ಇನ್ನೊಂದು ಸಲ ಓದಿದಳು.

"ತಾತನ ಕೈಗಾ? ಗುದ್ದಿದ ಮೇಲಾ?"

'ಹೂಂ. ನಿಂತಿದ್ದರು. ಅಲ್ಲಾಡಬೇಡ ಮಗಾ, ಯಾರನ್ನಾದರೂ ಕರೀತೀನಿ ಅಂದರು. ಆಮೇಲೆ ನನಗೆ ಕಣ್ಣು ಕತ್ತಲೆ.'

ಅವಳು ಚೀಲದಿಂದ ನೋಟ್‌ಪುಸ್ತಕ ತೆಗೆದು ಬುಧವಾರದ ಪುಟ ತಿರುವಿದಳು. ಗೋಡೆಯ ಮೇಲೆ ಬಂಪರಿನ ಗುರುತು: ನೆಲದಿಂದ ಐವತ್ತೆರಡು ಸೆಂಟಿಮೀಟರ್, ಅಂದರೆ ಮಂಡಿಯ ಮಟ್ಟ. ಅದರ ಕೆಳಗೆ ತಾತನ ಶವಪರೀಕ್ಷೆಯಿಂದ ಇಳಿಸಿಕೊಂಡ ಸಾಲು. 'ತಲೆಯ ಹಿಂಭಾಗಕ್ಕೆ ಪೆಟ್ಟು. ಕಾಲುಗಳಿಗೆ ಗಾಯವಿಲ್ಲ.' ಪಕ್ಕದಲ್ಲಿ ಅವಳೇ ಒಂದು ಪ್ರಶ್ನೆ ಚಿಹ್ನೆ ಹಾಕಿ, ನಾನೇನು ಡಾಕ್ಟರಾ ಎಂದುಕೊಂಡು, ರಬ್ಬರಿನಿಂದ ಉಜ್ಜಿದ್ದಳು. ಉಜ್ಜಿದ ಕಲೆ ಹಾಗೇ ಇತ್ತು.

ಕಾರು ತಾತನಿಗೆ ತಾಗಿಯೇ ಇರಲಿಲ್ಲ. ಪ್ಲಗ್ ಹಿಡಿದು ನಿಂತಿದ್ದವರ ತಲೆಗೆ ಯಾರೋ ಹಿಂದಿನಿಂದ ಹೊಡೆದಿದ್ದಾರೆ.

"ಇದನ್ನ ನೀವು ಮೊದಲೇ ಯಾಕೆ ಹೇಳಲಿಲ್ಲಮ್ಮಾ?"

"ಹೇಳಿದೆವಲ್ಲ ಮೇಡಂ!" ತಂಗಿ ಕಣ್ಣರಳಿಸಿದಳು. "ಇವತ್ತು ಬೆಳಿಗ್ಗೆ ಅಣ್ಣ ಇದನ್ನೇ ಬರೆದ, ಅಕ್ಷರ ಬಿಡದೆ. ಅವರು ಓದಿ, ನಾನು ನೋಡ್ಕೋತೀನಿ, ಬೇರೆ ಯಾರ ಹತ್ರವೂ ಹೇಳಬೇಡಿ, ತನಿಖೆ ಕೆಡುತ್ತೆ ಅಂದರು. ಸ್ಲೇಟು ತಾವೇ ಒರೆಸಿದರು. ನೀವು ಅವರ ಕಡೆಯವರೇ ಅಲ್ವಾ, ಅದಕ್ಕೇ ನಾನು ಸ್ಲೇಟು ತೆಗೆದೆ."

"ಯಾರು ಅವರು?"

"ನಿಮ್ಮ ಆಫೀಸಿನ ದೊಡ್ಡ ಸಾಹೇಬರು. ಕಾರ್ಡು ತೋರಿಸಿದರಲ್ಲ. ಓದೋಕೆ ಕನ್ನಡಕ ಹಾಕ್ಕೊಳ್ಳೋ ಬದಲು ಹಣೆ ಮೇಲೆ ಏರಿಸ್ಕೊಂಡರು. ನನಗೆ ನಗು ಬಂತು."

ಹನ್ನೊಂದು ವರ್ಷ ಆ ಕನ್ನಡಕ ಹಣೆಗೇರುವುದನ್ನು ನೋಡಿದವಳಿಗೆ ನಗು ಬರಲಿಲ್ಲ.

ಫೋನ್ ಬಡಿದುಕೊಂಡಿತು. ಮೂರೂ ನಲವತ್ತು. ಅವಳು ಹೊರಗಿನ ಹಜಾರಕ್ಕೆ ಬಂದು ಕಿವಿಗಿಟ್ಟುಕೊಂಡಳು.

"ಎಲ್ಲಿದ್ದೀಯಮ್ಮಾ?"

ಅಳತೆಯಲ್ಲಿ ಅರ್ಧ ಸೆಂಟಿಮೀಟರ್ ಹೆಚ್ಚು ಬರೆದವಳಲ್ಲ ಅವಳು.

"ವರ್ಕ್‌ಶಾಪಿನಲ್ಲೇ ಇದೀನಿ ಸಾರ್. ಇನ್ನೇನು ಹೊರಟೆ."

ಫೋನಿನ ಆ ಕಡೆ, ಸಾಹೇಬರ ಹಿಂದೆ ಎಲ್ಲೋ ಗಾಳಿ ಪಂಪಿನ ಸದ್ದು ಕೇಳುತ್ತಿತ್ತು. ಬೆಳಗಿನಿಂದ ವರ್ಕ್‌ಶಾಪಿನಲ್ಲಿ ಅವಳ ಕಿವಿಯೊಳಗೇ ಇದ್ದ ಸದ್ದು.

"ಹೌದಾ? ನಾನೂ ಇಲ್ಲೇ ಇದೀನಲ್ಲ. ಎರಡನೇ ಕಾರಿನ ಪಕ್ಕ. ನೀನು ಕಾಣಿಸ್ತಿಲ್ಲ. ಆ ಕಿತ್ತಳೆ ಮಾಮನೂ ಕಾಣಿಸ್ತಿಲ್ಲ."

ಅವಳು ಫೋನನ್ನು ಕಿವಿಗೆ ಒತ್ತಿ ಹಿಡಿದಳು.

"ಅವರ ನೀಲಿ ಕೋಟು ಮಾತ್ರ ಸೀಟಿನ ಮೇಲೆ ಬಿದ್ದಿದೆ," ಎಂದರು ಸಾಹೇಬರು, ಹವಾಮಾನ ಹೇಳುವವರ ಹಾಗೆ. "ಜೇಬು ನೋಡಿದೆ. ಖಾಲಿ."

ಆ ಜೇಬಿನಲ್ಲಿ ಇವತ್ತು ನೋಡುವಂಥದ್ದೇನೋ ಇದೆಯೆಂದು ಅವಳು ಅವರಿಗೆ ಹೇಳಿರಲಿಲ್ಲ.